ಸೋಯಾ ಚಂಕ್ಸ್ ವಾಸನಿಗೆ ಹಿಂಡೋದೇ ಮದ್ದು
ಸೋಯಾ ಚಂಕ್ಸ್ ಪಲ್ಯ 'ಮಾಂಸದ ವಾಸನಿ ಬರತೈತಿ' ಅಂತ ನಿಮ್ಮ ಅತ್ತಿಯವರು ತಾಟು ಸರಿಸಿದ್ರು ಅಂತ ನೀವು ಅಂದ್ರಲ್ಲ, ಅದು ಬಹುಶಃ ಸೋಯಾದ ಹಸಿ ವಾಸನಿ. ಸರಿಯಾಗಿ ಹಿಂಡದ್ದಕ್ಕ ಒಳಗ ಉಳದಿರಬೇಕು. ಉಪ್ಪು ಹಾಕಿದ ಕುದಿಯೋ ನೀರಾಗ ಐದಾರು ನಿಮಿಷ ಬಿಡ್ರಿ. ಆಮೇಲೆ ತಣ್ಣೀರಿಗೆ ಹಾಕಿ ಮುಷ್ಟಿಯಾಗ ಗಟ್ಟಿ ಹಿಂಡ್ರಿ. ನೊರಿ ನೊರಿ ಹಳದಿ ನೀರು ಬರತೈತಿ, ಅದು ತಿಳಿ ಆಗೋತನಕ ತೊಳದು ಹಿಂಡೋದು ಬಿಡಬ್ಯಾಡ್ರಿ. ಎಣ್ಯಾಗ ಕೆಂಪಗ ಹುರದು, ಬದನಿಕಾಯಿ ಎಣಗಾಯಿಗೆ ಹಾಕೋ ಶೇಂಗಾ-ಗುರೆಳ್ಳು ಮಸಾಲಿನೇ ಹಾಕ್ರಿ. ಅಂಗಡಿ ಗರಂ ಮಸಾಲಿ ಬ್ಯಾಡ, ಮಾಂಸ ಅನ್ನೋ ಅರ್ಧ ಅನುಮಾನ ಹುಟ್ಟಸೋದೇ ಅದು. ಇದು ಎಣ್ಣಿ ತಗದ ಸೋಯಾ ಹಿಟ್ಟಿಂದು ಅಂತ ಬಡಿಸೋಕಿಂತ ಮೊದಲೇ ಹೇಳ್ರಿ. ಮಾಂಸದಂಗ ಅಗಿಯೋದಕ್ಕೇ ಅವರಿಗೆ ಹೇಸಿಗಿ ಅನಸ್ತಿದ್ರ ಇದ್ಯಾವುದೂ ನಡೀಲಿಕ್ಕಿಲ್ಲ. ಆಗ ಬಾಗಲಕೋಟಿ ಪ್ಯಾಟ್ಯಾಗ ಸಣ್ಣ ಸೋಯಾ ಹರಳು (ಗ್ರಾನ್ಯೂಲ್ಸ್) ಕೇಳ್ರಿ, ಹಿಂಗ ಹಿಂಡಿ ಕಡ್ಲಿಹಿಟ್ಟಿನ ಜುಣಕದಾಗ ಕಲಸ್ರಿ.