ಪ್ರಿಸೇಲ್ ಟಿಕೆಟ್ ಸಿಗಬೇಕಾದರೆ ಬೆಂಗಳೂರಿಗೇ ಹೋಗಿ ಕೂರಬೇಕಾ?

ಬೇಡ, ಖಂಡಿತ ಹೋಗಬೇಡಿ. ಸೋಮವಾರಪೇಟೆಯಲ್ಲಿ ನೆಟ್ ಸ್ಲೋ, ಅದಕ್ಕೇ ಪ್ರತಿ ಸಲ ಸಂಗೀತ ಶೋಗಳ ಪ್ರಿಸೇಲ್ (ಎಲ್ಲರಿಗೂ ಟಿಕೆಟ್ ತೆರೆಯುವ ಮೊದಲು ಕೆಲವರಿಗಷ್ಟೇ ನಡೆಯುವ ಆನ್‌ಲೈನ್ ಮಾರಾಟ) ಕೈತಪ್ಪುತ್ತಿದೆ, ಹೊಸ ಕ್ರೆಡಿಟ್ ಕಾರ್ಡ್ ಮಾಡಿಸಿ ಬೆಂಗಳೂರಿನ ಗೆಳತಿ ಮನೆಯಿಂದ ಪ್ರಯತ್ನಿಸಲಾ ಅಂತ ಕೇಳಿದ್ದೀರಿ. ನಾನೂ ಕೊಡಗಿನವಳೇ, ಸಿದ್ದಾಪುರದ ಕಡೆಯವಳು. ನಾನೂ ನೆಟ್ಟನ್ನೇ ಬೈದುಕೊಂಡು ಕೂತಿದ್ದವಳು.

2024ರ ಡಿಸೆಂಬರ್. ಇಂಗ್ಲಿಷ್ ಹಾಡುಗಾರ ಎಡ್ ಶೀರನ್ ಬೆಂಗಳೂರಿಗೆ ಬರುತ್ತಾನೆ ಅಂತ ಗೊತ್ತಾದ ಮೇಲೆ ನನಗೂ ತಂಗಿಗೂ ಬೇರೆ ಮಾತೇ ಇರಲಿಲ್ಲ. ಪಿಯುಸಿಯಿಂದ ಅವನ ಹಾಡು ಕೇಳುತ್ತಾ ಬೆಳೆದವರು ನಾವು. ಎಲ್ಲರಿಗೂ ಟಿಕೆಟ್ ತೆರೆಯುವ ಮೊದಲು ಒಂದು ಬ್ಯಾಂಕಿನ ಕಾರ್ಡ್ ಇದ್ದವರಿಗೆ ಪ್ರಿಸೇಲ್ ಇತ್ತು. ಅಪ್ಪ ಹಿಂದೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಮಾಡಿಸಿದ್ದ ಆ ಕಾರ್ಡ್ ಮನೆಯಲ್ಲೇ ಇತ್ತು. ನಮಗಂತೂ ಟಿಕೆಟ್ ಸಿಕ್ಕೇಬಿಟ್ಟಷ್ಟು ಖುಷಿ.

ಅರೇಬಿಕಾ ಕೊಯ್ಲಿನ ಸಮಯ. ಅಪ್ಪ ಬೆಳಿಗ್ಗೆಯೇ ತೋಟಕ್ಕೆ ಹೋಗಿದ್ದರು. ಕಾರ್ಡಿನ ಒಟಿಪಿ ಅವರ ನಂಬರಿಗೇ ಬರುವುದು, ಅದಕ್ಕೆ ಫೋನ್ ಮಾತ್ರ ಬಿಟ್ಟು ಹೋಗಿ ಅಂತ ಕೇಳಿಕೊಂಡಿದ್ದೆ, ಬಿಟ್ಟು ಹೋಗಿದ್ದರು. ಮನೆಗೆ ಫೈಬರ್ ಇದೆ, ವೈಫೈ ಚೆನ್ನಾಗೇ ಬರುತ್ತಿತ್ತು. ಟಿಕೆಟ್ ಸೈಟಿನ ಆನ್‌ಲೈನ್ ಕ್ಯೂ ಕರಗಿತು, ಸೀಟ್ ಸಿಕ್ಕಿತು, ಎರಡು ಟಿಕೆಟ್ ಆರಿಸಿದೆ, ಕಾರ್ಡ್ ನಂಬರ್ ಹಾಕಿದೆ. ಒಟಿಪಿ ಬರಲೇ ಇಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲ ಹಾಳಾಗಿದ್ದು ಇಲ್ಲೇ. ಅಪ್ಪನ ಫೋನಿಗೆ ಬೆಳಿಗ್ಗೆಯಿಂದ ವಾಟ್ಸಾಪ್ ಮೆಸೇಜ್ ಬರುತ್ತಲೇ ಇತ್ತು. ಹಾಗಾಗಿ ಫೋನ್ ಸರಿ ಇದೆ ಅಂದುಕೊಂಡೆ. ಆದರೆ ವಾಟ್ಸಾಪ್ ಬರುತ್ತಿದ್ದದ್ದು ವೈಫೈಯಿಂದ. ಒಟಿಪಿ ಬರುವುದು ಎಸ್ಸೆಮ್ಮೆಸ್ಸಿನಲ್ಲಿ, ಅದಕ್ಕೆ ಸಾಮಾನ್ಯವಾಗಿ ಸಿಮ್‌ಗೆ ಟವರ್ ಸಿಗಬೇಕು. ನಮ್ಮ ಮನೆ ತಗ್ಗಿನಲ್ಲಿದೆ, ಒಳಗೆ ಆ ಸಿಮ್‌ಗೆ ಸಿಗ್ನಲ್ಲೇ ಇಲ್ಲ. ಅಪ್ಪ ಯಾರಿಗಾದರೂ ಫೋನ್ ಮಾಡಬೇಕಾದರೆ ಕಾಫಿ ಒಣಗಿಸುವ ಕಣದ ಆ ಮೂಲೆಗೆ ಹೋಗಿ ನಿಲ್ಲುತ್ತಾರೆ. ದಿನಾ ನೋಡುವ ವಿಷಯ. ಆದರೂ ಕಾರ್ಡ್ ಕೆಲಸ ಮಾಡುತ್ತಾ, ಲಿಮಿಟ್ ಎಷ್ಟಿದೆ, ಲ್ಯಾಪ್‌ಟಾಪ್ ಚಾರ್ಜ್ ಇದೆಯಾ ಎಂದೆಲ್ಲ ನೋಡಿಕೊಂಡವಳು ಒಟಿಪಿ ಬರಲು ಮನೆಯೊಳಗೆ ಸಿಗ್ನಲ್ ಇದೆಯಾ ಅಂತ ಯೋಚಿಸಲಿಲ್ಲ. ತಂಗಿ ಫೋನ್ ಹಿಡಿದು ಕಣಕ್ಕೆ ಓಡಿದಳು. ಅವಳು ಅಲ್ಲಿಂದ ನಂಬರ್ ಕೂಗುವ ಹೊತ್ತಿಗೆ ಸಮಯ ಮುಗಿದು ಸೀಟ್ ವಾಪಸ್ ಹೋಗಿತ್ತು. ಮತ್ತೆ ಕ್ಯೂ ಹಿಡಿದು ಒಳಗೆ ಹೋದರೆ ನಮಗೆ ಎಟುಕುವ ದರದ ಟಿಕೆಟ್ ಒಂದೂ ಇರಲಿಲ್ಲ. ತಂಗಿ ಅತ್ತಳು. ನನಗೂ ಅಳು ಬಂತು.

ಹಾಗಾಗಿ ಸ್ಪೀಡ್ ಅನ್ನು ಬಿಡಿ. ಕ್ಯೂ ಪುಟಕ್ಕೆ ದೊಡ್ಡ ಸ್ಪೀಡ್ ಬೇಕಾಗಿಲ್ಲ, ನೆಟ್ ಕಡಿದು ಹೋಗದಿದ್ದರೆ ಸಾಕು. ಹಿಂದಿನ ದಿನ ಅದೇ ಜಾಗದಲ್ಲಿ ಕೂತು, ಅದೇ ಕಾರ್ಡಿನಿಂದ ಒಂದು ಸಣ್ಣ ರೀಚಾರ್ಜ್ ಮಾಡಿ ನೋಡಿ. ಒಟಿಪಿ ಬಂದರೆ ಅಲ್ಲೇ ಕೂರಿ. ಬರದಿದ್ದರೆ ಸಿಗ್ನಲ್ ಇರುವ ನೆಂಟರ ಮನೆಗೆ ಹೋಗಿ.

ಇನ್ನು ಹೊಸ ಕಾರ್ಡ್. ಒಂದು ಶೋಗೋಸ್ಕರ ಕ್ರೆಡಿಟ್ ಕಾರ್ಡ್ ಮಾಡಿಸುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಪ್ರಿಸೇಲ್ ಅಭಿಮಾನಿಗಳಿಗೆ ಅಂತ ನೀವು ಬರೆದಿದ್ದೀರಿ. ಕಾರ್ಡ್ ಪ್ರಿಸೇಲ್ ಅಭಿಮಾನಿಗಳಿಗಲ್ಲ, ಬ್ಯಾಂಕಿನ ಗ್ರಾಹಕರಿಗೆ. ಹತ್ತು ವರ್ಷ ಹಾಡು ಕೇಳಿದವಳಿಗಿಂತ ಕಾರ್ಡ್ ಇದ್ದವನು ಮುಂದೆ ನಿಲ್ಲುತ್ತಾನೆ. ಇದು ಅನ್ಯಾಯ ಅಂತಲೇ ನಾನು ಹೇಳುವುದು. ಅಭಿಮಾನಿಗಳಿಗೇ ಅಂತ ಮೊದಲೇ ಹೆಸರು ನೋಂದಾಯಿಸಿಕೊಂಡು ಮಾಡಿದರೂ ಗೋಳು ತಪ್ಪಿದ್ದಲ್ಲ. 2022ರ ನವೆಂಬರಿನಲ್ಲಿ ಅಮೆರಿಕದಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಶೋಗಳ ಪ್ರಿಸೇಲ್ ಹಾಗೇ ನಡೆದಿತ್ತು. ಅದರ ಗಲಾಟೆಯಲ್ಲಿ ಎಲ್ಲರಿಗೂ ತೆರೆಯಬೇಕಿದ್ದ ಮಾರಾಟವೇ ರದ್ದಾಯಿತು.

ಮೊದಲ ದಿನ ಸಿಗದಿದ್ದರೆ ಎಲ್ಲ ಮುಗಿಯಿತು ಅನ್ನುವುದೂ ತಪ್ಪು. ಬೇಡಿಕೆ ಜಾಸ್ತಿ ಇದ್ದರೆ ಶೋ ಸೇರಿಸುತ್ತಾರೆ. 2024ರ ಸೆಪ್ಟೆಂಬರ್ 22ಕ್ಕೆ ಬ್ರಿಟನ್ನಿನ ಬ್ಯಾಂಡ್ ಕೋಲ್ಡ್‌ಪ್ಲೇ ಟಿಕೆಟ್ ತೆರೆದ ದಿನವೇ ಮುಂಬೈಗೆ ಇನ್ನೊಂದು ಶೋ ಸೇರಿತು, ಆಮೇಲೆ ಅಹಮದಾಬಾದ್ ಕೂಡ ಬಂತು. ಎಡ್ ಶೀರನ್ ಬೆಂಗಳೂರಿನಲ್ಲಿ ಮೊದಲು ಹೇಳಿದ್ದು 2025ರ ಫೆಬ್ರವರಿ 8 ಮಾತ್ರ, ಆಮೇಲೆ 9 ಕೂಡ ಬಂತು. ನಮಗೆ ಸಿಕ್ಕಿದ್ದು ಆ 9ರ ಟಿಕೆಟ್. ಕಣದ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಮೊಬೈಲ್ ಡೇಟಾದಲ್ಲಿ ತೆಗೆದದ್ದು. (ಶೋ ದಿನ, 9ರ ಬೆಳಿಗ್ಗೆ ಅವನು ಚರ್ಚ್ ಸ್ಟ್ರೀಟಿನ ಫುಟ್‌ಪಾತಿನಲ್ಲಿ ನಿಂತು ಹಾಡಿದ, ಪೊಲೀಸರು ಬಂದು ನಿಲ್ಲಿಸಿದರು. ಟಿಕೆಟ್ ಇಲ್ಲದೆ ಅಲ್ಲಿ ನಿಂತು ಕೇಳಿದವರ ಅದೃಷ್ಟವೇ ಅದೃಷ್ಟ.)

ಬ್ಲ್ಯಾಕ್‌ನಲ್ಲಿ ಮಾತ್ರ ತಗೋಬೇಡಿ, ಎಷ್ಟೇ ಆಸೆ ಇರಲಿ. ಕೋಲ್ಡ್‌ಪ್ಲೇ ಟಿಕೆಟ್ ದರ ₹2,500ರಿಂದ ಶುರುವಾಗಿತ್ತು, ಮರುಮಾರಾಟದಲ್ಲಿ ಅದನ್ನೇ ಲಕ್ಷಗಟ್ಟಲೆಗೆ ಇಟ್ಟಿದ್ದರು. ಹಾಗೆ ಕೊಳ್ಳುವವರು ಇರುವುದರಿಂದಲೇ ಸುಮ್ನೆ ಟಿಕೆಟ್ ಬಾಚಿಕೊಳ್ಳುವವರು ಹುಟ್ಟುತ್ತಾರೆ, ನಿಮಗೂ ನನಗೂ ಸಿಗುವುದಿಲ್ಲ.

ಬೆಂಗಳೂರಿಗೆ ಹೋಗುವ ಖರ್ಚನ್ನು ಶೋ ದಿನಕ್ಕೆ ಇಟ್ಟುಕೊಳ್ಳಿ. ಎಡ್ ಶೀರನ್ ಶೋ ನಡೆದ ನೈಸ್ ಗ್ರೌಂಡ್ಸ್‌ನಲ್ಲೇ ಆದರೆ ಮಾದಾವರದವರೆಗೆ ಮೆಟ್ರೋ ಇದೆ. ಮುಗಿಯುವಾಗ ರಾತ್ರಿ ಆಗುತ್ತದೆ, ಮೆಜೆಸ್ಟಿಕ್‌ನಿಂದ ನಮ್ಮ ಕಡೆಗೆ ತಡರಾತ್ರಿ ಬಸ್ ಇದೆಯಾ ನೋಡಿಕೊಂಡು ಅದರ ಸೀಟನ್ನೂ ಮೊದಲೇ ಬುಕ್ ಮಾಡಿಡಿ.