ಮೈಗಳ್ಳತನವಲ್ಲ, ಸೋದರಿ

ಚಿತ್ತಾಪುರ ತಾಲೂಕಿನ ಹಳ್ಳಿಯೊಂದರಿಂದ ಬಂದ ಪತ್ರಕ್ಕೆ ಇದು ಉತ್ತರ. ಬರೆದವರು ತಮ್ಮ ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರ ತಮ್ಮನಿಗೆ ಈಗ ಇಪ್ಪತ್ತಾರು ವರ್ಷ, ಕಲಬುರಗಿಯಲ್ಲಿ ಬಿ.ಎಸ್ಸಿ. ಓದುವಾಗ ಸ್ಕಿಜೋಫ್ರೇನಿಯಾ ಕಾಣಿಸಿಕೊಂಡಿತು. ಮಾತ್ರೆ ಶುರುವಾದ ಮೇಲೆ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತವು, ಯಾರೋ ಬೆನ್ನು ಹತ್ತಿದ್ದಾರೆಂಬ ಭಯವೂ ಹೋಯಿತು. ಆದರೆ ಮೂರು ಸಾಮಾನು ತರಲು ಕಿರಾಣಿ ಅಂಗಡಿಗೆ ಕಳಿಸಿದರೆ ಚಹಾಪುಡಿಯೊಂದನ್ನೇ ತಂದು, ಹೊಸ್ತಿಲ ಹೊರಗೆ ನಿಂತು ಬೆರಳು ಮಡಚುತ್ತ ಬಿಚ್ಚುತ್ತ ಇರುತ್ತಾನಂತೆ. “ಜಡ್ಡ್ ಹೋಗ್ಯಾದ, ಈಗ ಬರೇ ಮೈಗಳ್ಳತನ ಉಳ್ದಾದ” ಎನ್ನುವುದು ತಂದೆಯವರ ಮಾತು. ವೈದ್ಯರು ಮಾತ್ರ ಇದು ಮೆದುಳಿನ ಕೋಶಗಳ ನಡುವಿನ ಸಂಪರ್ಕದ ತೊಂದರೆ ಎಂದಿದ್ದಾರೆ. “ಹಾಗಾದರೆ ತಲೆಯೊಳಗಿನ ತಂತಿ ಹರಿದಿದೆಯೇ? ಮತ್ತೆ ಜೋಡಿಸಲು ಬರುತ್ತದೆಯೇ?” ಎಂದು ಅಕ್ಕ ಕೇಳಿದ್ದಾರೆ.

ಸೋದರಿ, ಮೊದಲು ತಂದೆಯವರ ಮಾತನ್ನೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಮನೆಯಲ್ಲಿ ದಿನವೂ ನೋವು ಕೊಡುತ್ತಿರುವುದು ಅದೇ. ನಿಮ್ಮ ತಮ್ಮ ಮೈಗಳ್ಳನಾಗಿಲ್ಲ. ಇಲ್ಲದ ದನಿ ಕೇಳುವುದು, ಸಲ್ಲದ ಸಂಶಯ ಪಡುವುದು ಈ ಕಾಯಿಲೆಯ ಎದ್ದು ಕಾಣುವ ಮುಖ. ಗಮನ ನಿಲ್ಲದಿರುವುದು, ಕೇಳಿದ್ದನ್ನು ಗ್ರಹಿಸಲು ಹೊತ್ತು ಹಿಡಿಯುವುದು, ಎರಡು ಮೂರು ಸಂಗತಿಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಲಾಗದಿರುವುದು ಅದರ ಇನ್ನೊಂದು ಮುಖ. ಎಷ್ಟೋ ಜನರಲ್ಲಿ ಈ ಎರಡನೆಯದೇ ಮೊದಲು ಬರುತ್ತದೆ. ದನಿಗಳು ಕೇಳುವುದಕ್ಕಿಂತ ಒಂದು ವರ್ಷ ಮುಂಚೆಯೇ ತಮ್ಮನ ಅಂಕಗಳು ಇಳಿದಿದ್ದವೆಂದು ನೀವೇ ಬರೆದಿದ್ದೀರಿ. 1908ರಲ್ಲಿ ಈ ಕಾಯಿಲೆಗೆ ಇಂದಿನ ಹೆಸರಿಟ್ಟ ಸ್ವಿಟ್ಜರ್ಲೆಂಡಿನ ವೈದ್ಯ ಯೂಜೆನ್ ಬ್ಲಾಯ್ಲರ್, ಒಂದು ವಿಚಾರಕ್ಕೂ ಇನ್ನೊಂದಕ್ಕೂ ಇರುವ ನಂಟು ಸಡಿಲಾಗುವುದೇ ಇದರ ತಿರುಳು ಎಂದು ತಿಳಿದಿದ್ದರು. ದನಿ ಮತ್ತು ಭ್ರಮೆಗಳನ್ನು ಅವರು ಅದರ ಮೇಲೆ ಬಂದು ಸೇರುವ ಲಕ್ಷಣಗಳೆಂದು ಎಣಿಸಿದ್ದರು.

ಇನ್ನು ತಂತಿಯ ಮಾತು. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ, ಒಂದೊಂದಕ್ಕೂ ಸಾವಿರಾರು ಸಂಪರ್ಕಗಳಿವೆ. ಬಹುಪಾಲು ಸಂಪರ್ಕಗಳಲ್ಲಿ ಒಂದು ಕೋಶ ಇನ್ನೊಂದನ್ನು ತಂತಿಯಂತೆ ಮುಟ್ಟಿಕೊಂಡಿರುವುದಿಲ್ಲ. ನಡುವೆ ಅತಿ ಕಿರಿದಾದ ಸಂದು ಇರುತ್ತದೆ, ಆ ಸಂದನ್ನು ದಾಟಿ ರಾಸಾಯನಿಕವೊಂದು ಸುದ್ದಿ ಮುಟ್ಟಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ನರಕೋಶದ ಟಿಸಿಲುಗಳು ನಮ್ಮ ಹೊಲದ ಬದುವಿನ ಜಾಲಿಯ ಕೊಂಬೆಯ ಹಾಗೆ ಕಾಣುತ್ತವೆ, ಉದ್ದಕ್ಕೂ ಮೋಟು ಮುಳ್ಳುಗಳು. 1888ರಲ್ಲಿ ಇವುಗಳನ್ನು ಮೊದಲು ವಿವರಿಸಿದ ಸ್ಪೇನಿನ ರಮೋನ್ ಇ ಕಹಾಲ್ ಕೂಡ ಅವನ್ನು ಮುಳ್ಳುಗಳೆಂದೇ ಕರೆದರು. ಸುದ್ದಿ ಬಂದು ಇಳಿಯುವ ಜಾಗ ಹೆಚ್ಚಾಗಿ ಈ ಮುಳ್ಳಿನ ತುದಿಯೇ. ಸ್ಕಿಜೋಫ್ರೇನಿಯಾ ಇದ್ದು ತೀರಿಕೊಂಡವರ ಮೆದುಳನ್ನು ಪರೀಕ್ಷಿಸಿ ಅಮೆರಿಕದ ಪಿಟ್ಸ್‌ಬರ್ಗ್‌ನ ಸಂಶೋಧಕರು 2000ದಲ್ಲಿ ವರದಿ ಮಾಡಿದರು: ಹಣೆಯ ಹಿಂದಿನ ಭಾಗದಲ್ಲಿ, ಮೂರನೆಯ ಪದರದ ಕೋಶಗಳ ಮೇಲೆ ಈ ಮುಳ್ಳುಗಳು ಸರಾಸರಿಯಲ್ಲಿ ವಿರಳವಾಗಿದ್ದವು. ಅಂದರೆ ಕೋಶಗಳು ರಾಶಿ ರಾಶಿಯಾಗಿ ಸತ್ತಿಲ್ಲ. ಅವು ಇವೆ, ಅವುಗಳ ನಡುವಿನ ಮಾತುಕತೆ ತೆಳುವಾಗಿದೆ. ಹರಿದ ತಂತಿಗೂ ಇದಕ್ಕೂ ಬಹಳ ಅಂತರವಿದೆ.

ಅದರಿಂದ ಕಿರಾಣಿ ಸಾಮಾನು ಏಕೆ ಮರೆತುಹೋಗಬೇಕು? ನಿಮ್ಮೂರಿನ ಮಠದಲ್ಲಿ ರಾತ್ರಿ ತತ್ವಪದದ ಭಜನೆ ನಡೆಯುವುದನ್ನು ನೆನೆಸಿಕೊಳ್ಳಿ. ಏಕತಾರಿ ಹಿಡಿದವರು ಒಂದು ಸೊಲ್ಲು ಹೇಳುತ್ತಾರೆ, ಹಿಂದಿನವರು ಅದನ್ನು ಎತ್ತಿಕೊಳ್ಳುತ್ತಾರೆ, ಮುಂದಿನವರು ಮತ್ತೆ ಹಿಡಿಯುತ್ತಾರೆ; ಹೀಗೆ ಒಬ್ಬರಿಗೊಬ್ಬರು ಕೊಡುತ್ತಿರುವಷ್ಟು ಹೊತ್ತೂ ಸೊಲ್ಲು ಗಾಳಿಯಲ್ಲಿ ನಿಂತಿರುತ್ತದೆ. ಮನಸ್ಸು “ಎಣ್ಣೆ, ಚಹಾಪುಡಿ, ಕಡ್ಡಿಪೆಟ್ಟಿಗೆ” ಎಂಬುದನ್ನು ಅಂಗಡಿಯವರೆಗೆ ಒಯ್ಯುವುದು ಹೆಚ್ಚುಕಡಿಮೆ ಹೀಗೆಯೇ. ನೋಡಿದ ಗುರುತು ಕಣ್ಣಿನಿಂದ ಮರೆಯಾದ ಮೇಲೂ ಹಣೆಯ ಹಿಂದಿನ ಕೆಲವು ಕೋಶಗಳು ಮಿಡಿಯುತ್ತಲೇ ಇರುತ್ತವೆಂಬುದನ್ನು ಮಂಗಗಳಲ್ಲಿ ಕಂಡು, ಅಮೆರಿಕದ ನರವಿಜ್ಞಾನಿ ಪೆಟ್ರೀಷಿಯಾ ಗೋಲ್ಡ್‌ಮನ್-ರಾಕಿಕ್ ಮೊದಲಾದವರು ಆ ಮಿಡಿತವೇ ತತ್ಕಾಲದ ನೆನಪಿನ ಆಧಾರವೆಂದು ವಿವರಿಸಿದರು. ಸೊಲ್ಲು ಎತ್ತಿಕೊಳ್ಳುವವರು ಕಡಿಮೆಯಾದರೆ ಪದ ನಡುವೆಯೇ ಬಿದ್ದುಹೋಗುತ್ತದೆ. ತಾಳ ಹಿಡಿಯುವ ಕೆಲಸವನ್ನು ಬೇರೊಂದು ಬಗೆಯ, ಉಳಿದವುಗಳ ಮಿಡಿತಕ್ಕೆ ತಡೆಯೊಡ್ಡುವ ಕೋಶಗಳು ಮಾಡುತ್ತವೆ, ಈ ಕಾಯಿಲೆಯಲ್ಲಿ ಅವುಗಳಲ್ಲೂ ವ್ಯತ್ಯಾಸ ಕಂಡಿದೆ. ಹೊಸ್ತಿಲ ಹೊರಗೆ ಬೆರಳು ಮಡಚುತ್ತ ನಿಂತ ನಿಮ್ಮ ತಮ್ಮ ಬಿದ್ದುಹೋದ ಸೊಲ್ಲನ್ನು ಮತ್ತೆ ಹಿಡಿಯಲು ಹೆಣಗುತ್ತಿದ್ದಾನೆ. ಮೈಗಳ್ಳನಿಗೆ ಆ ಹೆಣಗಾಟ ಬೇಕಿರುವುದಿಲ್ಲ.

ಈ ಸಂಪರ್ಕಗಳು ಏಕೆ ವಿರಳವಾದವೆಂಬುದಕ್ಕೆ ಒಂದು ಬಲವಾದ ಊಹೆಯಿದೆ. ಎಳೆ ಮಗುವಿನ ಮೆದುಳಿನಲ್ಲಿ ಸಂಪರ್ಕಗಳು ಬೇಕಾದುದಕ್ಕಿಂತ ಒತ್ತಾಗಿ ಹುಟ್ಟಿಕೊಳ್ಳುತ್ತವೆ. ಒತ್ತಾಗಿ ನಾಟಿದ ಜೋಳದಲ್ಲಿ ಹೆಚ್ಚಿನ ಸಸಿ ಕಿತ್ತು ವಿರಳ ಮಾಡುವಂತೆ, ಹದಿಹರೆಯ ಮುಗಿಯುವ ಹೊತ್ತಿಗೆ ಮೆದುಳು ಬಳಕೆಯಲ್ಲಿಲ್ಲದವನ್ನು ತೆಗೆದುಹಾಕುತ್ತದೆ. ಎಲ್ಲರಲ್ಲೂ ನಡೆಯುವ ಕೆಲಸವಿದು. ಕೆಲವರಲ್ಲಿ ಇದು ಅತಿಯಾಗುತ್ತದೆಯೇ ಎಂಬ ಪ್ರಶ್ನೆಯನ್ನು 1980ರ ದಶಕದ ಆರಂಭದಲ್ಲಿ ಅಮೆರಿಕದ ಮನೋವೈದ್ಯ ಅರ್ವಿನ್ ಫೈನ್‌ಬರ್ಗ್ ಎತ್ತಿದರು. ಕಾಯಿಲೆ ಹೆಚ್ಚಾಗಿ ಹದಿಹರೆಯದ ಕೊನೆಗೆ, ಇಪ್ಪತ್ತರ ಆಸುಪಾಸಿನಲ್ಲಿ ಹೊರಬೀಳುವುದು ಇದಕ್ಕೆ ಹೊಂದುತ್ತದೆ. ಸೋಂಕಿನ ವಿರುದ್ಧ ದೇಹ ಬಳಸುವ ಸಿ4 ಎಂಬ ಪ್ರೋಟೀನು ಈ ಕೀಳುವಿಕೆಯಲ್ಲೂ ಪಾತ್ರ ವಹಿಸುತ್ತದೆಂದೂ, ಅದನ್ನು ಹೆಚ್ಚು ಉಂಟುಮಾಡುವ ವಂಶವಾಹಿ ಇದ್ದವರಲ್ಲಿ ಅಪಾಯ ತುಸು ಹೆಚ್ಚೆಂದೂ 2016ರಲ್ಲಿ ತಿಳಿಯಿತು. 2022ರ ದೊಡ್ಡ ಅಧ್ಯಯನವೊಂದು ವಂಶವಾಹಿಗಳಲ್ಲಿ ಇಂಥ 287 ತಾಣಗಳನ್ನು ಗುರುತಿಸಿತು. ಒಂದೊಂದರ ಪಾಲೂ ಅತಿ ಸಣ್ಣದು. ಊಹೆ ಇನ್ನೂ ಪೂರ್ತಿ ಸಾಬೀತಾಗಿಲ್ಲ, ಆದರೂ ಒಂದು ಮಾತನ್ನು ಖಚಿತವಾಗಿ ಹೇಳಬಹುದು: ಹೆಚ್ಚು ಓದಿದ್ದರಿಂದ ಹೀಗಾಗಲಿಲ್ಲ, ನಿಮ್ಮ ತಾಯಿ ಬೆಳೆಸಿದ ರೀತಿಯಿಂದಲೂ ಆಗಲಿಲ್ಲ.

ಜೋಡಿಸಲು ಬರುತ್ತದೆಯೇ ಎಂಬ ಪ್ರಶ್ನೆಗೆ ಸಿಹಿ ಮಾತು ಹೇಳಲಾರೆ. ಈಗ ಹೆಚ್ಚಾಗಿ ಕೊಡುವ ಮಾತ್ರೆಗಳು ಡೋಪಮಿನ್ ಎಂಬ ರಾಸಾಯನಿಕದ ಪ್ರಭಾವವನ್ನು ತಗ್ಗಿಸುತ್ತವೆ, ದನಿಗಳನ್ನು ಅಡಗಿಸುತ್ತವೆ. ನೆನಪು ಮತ್ತು ಗಮನದ ಮೇಲೆ ಅವುಗಳ ಫಲ ಅಲ್ಪ. ಹಾಗೆಂದು ಬಿಟ್ಟರೆ ದನಿಗಳು ಮರಳುವ ಸಂಭವ ಹೆಚ್ಚು, ದಯವಿಟ್ಟು ಬಿಡಿಸಬೇಡಿ. ವಿಚಾರಶಕ್ತಿಗೆಂದೇ ತಯಾರಿಸಿದ ಇಕ್ಲೆಪರ್ಟಿನ್ ಎಂಬ ಔಷಧಿಯ ಮೇಲೆ ಬಹಳ ಭರವಸೆಯಿತ್ತು, 2025ರ ಜನವರಿಯಲ್ಲಿ ಅದರ ಕೊನೆಯ ಹಂತದ ಪರೀಕ್ಷೆ ವಿಫಲವಾಯಿತೆಂಬ ಸುದ್ದಿ ಬಂತು. ಅದನ್ನು ಓದಿದ ದಿನ ನನಗೂ ಬೇಸರವಾಗಿತ್ತು.

ಕೈಯಲ್ಲಿರುವ ದಾರಿಗಳು ಸಣ್ಣವು, ಆದರೆ ನಿಜವಾದವು. ಗಮನ ಮತ್ತು ನೆನಪಿಗೆ ಕ್ರಮವಾಗಿ ತಾಲೀಮು ಕೊಡುವ ಚಿಕಿತ್ಸೆಯಿದೆ. ಅದರಿಂದಲೂ, ದಿನವೂ ಬಿರುಸಾಗಿ ನಡೆಯುವಂಥ ವ್ಯಾಯಾಮದಿಂದಲೂ ತಕ್ಕಮಟ್ಟಿಗೆ ಅನುಕೂಲವಾಗುತ್ತದೆ. ಮನೆಯಲ್ಲಿ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಮೂರಿದ್ದರೆ ಅವನ ಕೈಯಿಂದಲೇ ಚೀಟಿ ಬರೆಸಿ. ಕಣ್ಣು ಕೆಟ್ಟವರಿಗೆ ಚಷ್ಮಾ ಕೊಡುತ್ತೇವಲ್ಲ, ಅವನಿಗೆ ಚೀಟಿಯೂ ಹಾಗೆಯೇ. ಇನ್ನೊಂದು ಮಾತು: ಕೈನಡುಕಕ್ಕೆಂದು ಬೇರೊಂದು ಮಾತ್ರೆ ಕೊಡುತ್ತಾರೆಂದು ಬರೆದಿದ್ದೀರಿ. ಅದು ಟ್ರೈಹೆಕ್ಸಿಫೆನಿಡಿಲ್ ಆಗಿದ್ದರೆ, ಅದರಿಂದಲೇ ನೆನಪು ಮಂಕಾಗುವುದುಂಟು. ನೀವೇ ನಿಲ್ಲಿಸಬೇಡಿ, ಮುಂದಿನ ಸಲ ಹೋದಾಗ, ಇದು ಇನ್ನೂ ಬೇಕೇ, ಪ್ರಮಾಣ ಇಳಿಸಬಹುದೇ ಎಂದು ವೈದ್ಯರನ್ನು ಕೇಳಿ. ನಡುವೆ ಏನಾದರೂ ಕೇಳಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ತಂದೆಯವರು ಬಿಡುವಾಗಿ ಕೂತಿದ್ದಾಗ ಭಜನೆಯ ಭಾಗವನ್ನಾದರೂ ಅವರಿಗೆ ಓದಿ ಹೇಳಿ.

— ಸಂಪಾದಕ