ಪಟ್ಟಿಯೊಳಗೆ ಪಿ ಟ್ಯಾಗ್: ಪಾರ್ಸರ್ ಎಷ್ಟು ಊಹಿಸಬೇಕು?

ಪ್ರಶ್ನೆ: ನಮ್ಮೂರ ಗ್ರಂಥಾಲಯದ ಹಳೆಯ ಪುಟಗಳನ್ನು ಹೊಸ ಜಾಲತಾಣಕ್ಕೆ ಸಾಗಿಸುತ್ತಿದ್ದೇನೆ. ಕಾಸರಗೋಡು ಜಿಲ್ಲೆಯ ನದಿಗಳ ಪುಟದ ಎಚ್‌ಟಿಎಂಎಲ್‌ನಲ್ಲಿ (ಜಾಲಪುಟ ಬರೆಯುವ ಗುರುತುಭಾಷೆ) ಮೊದಲು ಒಂದು ಪಿ (ಪ್ಯಾರಾ) ಟ್ಯಾಗ್, ಪೀಠಿಕೆಯ ಸಾಲು, ಅದರೊಳಗೇ ಯುಎಲ್ (ಅಂಕಿಯಿಲ್ಲದ) ಪಟ್ಟಿ, ಕೊನೆಗೆ ಪಿ ಮುಚ್ಚುವ ಟ್ಯಾಗ್ ಇದೆ. ಪಟ್ಟಿಯ ಅಂಶಗಳಾದ ಎಲ್‌ಐಗಳನ್ನು ಯಾರೂ ಮುಚ್ಚಿಲ್ಲ. ಕೆಲವು ಎಲ್‌ಐಗಳ ಒಳಗೆ ಮಾತ್ರ ಪಿ ಇದೆ. ಪಿಗೆ ಹಳದಿ ಹಿನ್ನೆಲೆ, ಒಳ ಅಂಚು ಕೊಟ್ಟರೆ ಬ್ರೌಸರ್‌ನಲ್ಲಿ ಪಟ್ಟಿಯ ಕೆಳಗೆ ಖಾಲಿ ಹಳದಿ ಪಟ್ಟೆ ಮೂಡುತ್ತದೆ. ಪೈಥಾನ್ ಭಾಷೆಯ ಬ್ಯೂಟಿಫುಲ್‌ಸೂಪ್ ಎಂಬ, ಎಚ್‌ಟಿಎಂಎಲ್ ಓದುವ ಲೈಬ್ರರಿಯಲ್ಲಿ ಓದಿಸಿದರೆ ಉಪ್ಪಳದೊಳಗೆ ಶಿರಿಯ, ಶಿರಿಯದೊಳಗೆ ಮೊಗ್ರಾಲ್ ಎಂದು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಪ್ರತಿ ಎಲ್‌ಐಗೂ ಪಾರ್ಸರೇ (ಟ್ಯಾಗ್‌ಗಳನ್ನು ಓದಿ ಪುಟದ ರಚನೆ ಕಟ್ಟುವ ತಂತ್ರಾಂಶ) ಒಂದು ಪಿ ಸೇರಿಸುವಂತೆ ಮಾಡಿದರೆ ಸರಿಹೋಗುತ್ತದೆಯೇ?
– ಓದುಗರೊಬ್ಬರು, ಪೆರ್ಲ

ಉತ್ತರ: ಸರಿಹೋಗುವುದಿಲ್ಲ, ಹೊಸ ಗೋಜಲು ಹುಟ್ಟುತ್ತದೆ. ಬರೆಯದೆ ಬಿಟ್ಟ ಮುಚ್ಚುವ ಟ್ಯಾಗನ್ನು ಊಹಿಸಿಕೊಳ್ಳುವುದು ಪಾರ್ಸರ್‌ನ ಕೆಲಸ. ಬರೆಯದ ಪ್ಯಾರಾವನ್ನು ತೆರೆಯುವುದು ಅದರ ಕೆಲಸವಲ್ಲ. ಈ ಎರಡನೆಯ ಮಾತಿಗೆ ಒಂದು ಅಪವಾದವಿದೆ, ನಿಮ್ಮ ಹಳದಿ ಪಟ್ಟೆ ಹುಟ್ಟಿದ್ದು ಅದರಿಂದಲೇ.

ಪಿಯೊಳಗೆ ಪಟ್ಟಿ ಇರುವಂತಿಲ್ಲ. ಯುಎಲ್ ಕಂಡ ಕೂಡಲೇ ಪಾರ್ಸರ್ ತೆರೆದಿದ್ದ ಪಿಯನ್ನು ಮುಚ್ಚಿಬಿಡುತ್ತದೆ. ಹಾಗಾಗಿ ನಿಮ್ಮ ಪೀಠಿಕೆಯ ಸಾಲು ಒಂದು ಪ್ಯಾರಾ, ಪಟ್ಟಿ ಅದರ ಹೊರಗೆ. ಕೊನೆಯಲ್ಲಿ ಪಿ ಮುಚ್ಚುವ ಟ್ಯಾಗ್ ಬರುವ ಹೊತ್ತಿಗೆ ಮುಚ್ಚಲು ಯಾವ ಪಿಯೂ ಉಳಿದಿರುವುದಿಲ್ಲ. ಹೀಗೆ ಒಂಟಿಯಾಗಿ ಬಂದದ್ದು ಡಿವ್ (ಪುಟದ ವಿಭಾಗ) ಮುಚ್ಚುವ ಟ್ಯಾಗ್ ಆಗಿದ್ದರೆ ಪಾರ್ಸರ್ ಅದನ್ನು ಕಡೆಗಣಿಸುತ್ತಿತ್ತು. ಪಿಗೆ ನಿಯಮ ಬೇರೆ: ತಪ್ಪೆಂದು ಗುರುತಿಸಿ, ಅಲ್ಲೇ ಒಂದು ಖಾಲಿ ಪಿ ತೆರೆದು, ಕೂಡಲೇ ಮುಚ್ಚಬೇಕು. ಬರಿಯ ಖಾಲಿ ಪಿ ಕಣ್ಣಿಗೆ ಬೀಳುವುದಿಲ್ಲ. ನೀವು ಒಳ ಅಂಚು, ಬಣ್ಣ ಕೊಟ್ಟಿದ್ದರಿಂದ ಅದು ಕಾಣಿಸಿಕೊಂಡಿತು. ಆ ಮುಚ್ಚುವ ಟ್ಯಾಗನ್ನು ಅಳಿಸಿ, ಪಟ್ಟೆ ಹೋಗುತ್ತದೆ.

ಇನ್ನು ಎಲ್‌ಐಗಳು. ತೆರೆದಿರುವ ಟ್ಯಾಗ್‌ಗಳನ್ನು ಪಾರ್ಸರ್ ಒಂದರ ಮೇಲೊಂದು ಅಟ್ಟಿಯಾಗಿ ಇಟ್ಟುಕೊಂಡಿರುತ್ತದೆ. ಹೊಸ ಎಲ್‌ಐ ಬಂದಾಗ ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗುತ್ತದೆ. ದಾರಿಯಲ್ಲಿ ಪಿ, ಡಿವ್, ಅಡ್ರೆಸ್ ಸಿಕ್ಕರೆ ದಾಟುತ್ತದೆ. ಹಳೆಯ ಎಲ್‌ಐ ಸಿಕ್ಕರೆ ಅದನ್ನೂ ಅದರೊಳಗೆ ತೆರೆದಿರುವುದನ್ನೂ ಮುಚ್ಚುತ್ತದೆ. ಯುಎಲ್ ಅಥವಾ ಓಎಲ್ (ಅಂಕಿಯ ಪಟ್ಟಿ) ಸಿಕ್ಕರೆ ಅಲ್ಲಿಗೇ ನಿಲ್ಲುತ್ತದೆ. ಶಿರಿಯದ ಎಲ್‌ಐಯೊಳಗಿನ ಪಿಯನ್ನು ಯಾರೂ ಮುಚ್ಚದಿದ್ದರೂ ಮೊಗ್ರಾಲ್ ಅದರ ಪಕ್ಕದಲ್ಲಿ ನಿಲ್ಲುವುದು ಈ ನಿಯಮದಿಂದ. ಚಂದ್ರಗಿರಿಯ ಅಡಿಯಲ್ಲಿ ಪಯಸ್ವಿನಿಗೆ ಒಳಪಟ್ಟಿ ಮಾಡಿದರೆ ಪಯಸ್ವಿನಿ ಚಂದ್ರಗಿರಿಯನ್ನು ಮುಚ್ಚದಿರುವುದೂ ಇದೇ ನಿಯಮದಿಂದ, ನಡುವೆ ಒಳಗಿನ ಯುಎಲ್ ಅಡ್ಡ ನಿಂತಿದೆ. ಆದರೆ ದಪ್ಪ ಅಕ್ಷರದ ಬಿಯಂಥ ಟ್ಯಾಗ್‌ಗಳಿಗೆ ಈ ಸೌಲಭ್ಯವಿಲ್ಲ. ಒಂದು ನದಿಯ ಹೆಸರಿಗೆ ಬಿ ತೆರೆದು ಮುಚ್ಚಲು ಮರೆತರೆ ಪಾರ್ಸರ್ ಅದನ್ನು ಮುಂದಿನ ಎಲ್‌ಐಯಲ್ಲಿ ಮತ್ತೆ ತೆರೆಯುತ್ತದೆ. ಕೆಳಗಿನ ನದಿಗಳೆಲ್ಲ ನಡುಬೇಸಿಗೆಯಲ್ಲೂ ಮೈದುಂಬಿಕೊಳ್ಳುತ್ತವೆ!

ಒಳಪಟ್ಟಿಯ ವಿಷಯದಲ್ಲಿ ಬಹಳ ಮಂದಿ ಗಮನಿಸದ ಒಂದು ಸಂಗತಿಯಿದೆ. ಎಲ್‌ಐ, ಅದರೊಳಗೆ ಪಿ, ಚಂದ್ರಗಿರಿಯ ವಿವರಣೆ, ಆಮೇಲೆ ಒಳಪಟ್ಟಿ, ಅದು ಮುಗಿದ ಮೇಲೆ ಇನ್ನೊಂದು ವಾಕ್ಯ ಇದೆ ಎಂದುಕೊಳ್ಳಿ. ಒಳಗಿನ ಯುಎಲ್ ಬಂದಾಗಲೇ ಪಿ ಮುಚ್ಚಿತು. ಕೊನೆಯ ವಾಕ್ಯ ಪಿಯೊಳಗೆ ಮರಳುವುದಿಲ್ಲ, ನೇರವಾಗಿ ಎಲ್‌ಐಯೊಳಗೆ ಬರಿಯ ಪಠ್ಯವಾಗಿ ಉಳಿಯುತ್ತದೆ, ನಿಮ್ಮ ಹಳದಿ ಹಿನ್ನೆಲೆ ಅದಕ್ಕೆ ತಗಲುವುದಿಲ್ಲ. ಇಲ್ಲಿ ಪಾರ್ಸರ್ ತಾನಾಗಿ ಪಿ ತೆರೆಯಲಿ ಎಂದು ನಿಮಗನ್ನಿಸಬಹುದು. ಆದರೆ ಆ ವಾಕ್ಯ ಹೊಸ ಪ್ಯಾರಾವೋ, ಮೊದಲಿನದರ ಮುಂದುವರಿಕೆಯೋ ಎಂಬುದು ಬರೆದವರಿಗೆ ಮಾತ್ರ ಗೊತ್ತು. ಪಿ ಇಲ್ಲದ ಎಲ್‌ಐ ಕೂಡ ತಪ್ಪಲ್ಲ. ಎಲ್ಲ ಕಡೆ ಒಂದೇ ರೀತಿ ಬೇಕಿದ್ದರೆ, ಪಾರ್ಸರ್ ಕಟ್ಟಿಕೊಟ್ಟ ಮರವನ್ನು (ಯಾವುದರೊಳಗೆ ಯಾವುದು ಎಂಬ ಟ್ಯಾಗ್‌ಗಳ ರಚನೆಯನ್ನು) ನಂತರ ನಿಮ್ಮ ಪ್ರೋಗ್ರಾಂನಲ್ಲಿ ತಿದ್ದಿಕೊಳ್ಳಿ. ಮಾರ್ಕ್‌ಡೌನ್‌ನಲ್ಲಿ (ಸರಳ ಗುರುತುಗಳಲ್ಲಿ ಬರೆದು ಆಮೇಲೆ ಎಚ್‌ಟಿಎಂಎಲ್ ಮಾಡಿಕೊಳ್ಳುವ ಬಗೆ) ಅಂಶಗಳ ನಡುವೆ ಖಾಲಿ ಸಾಲು ಬಿಟ್ಟರೆ ಎಲ್‌ಐಗಳೊಳಗೆ ಪಿ ಸೇರುವುದು ನಿಜ, ಆದರೆ ಅದು ಎಚ್‌ಟಿಎಂಎಲ್ ಹುಟ್ಟುವ ಮೊದಲೇ, ಬರೆಯುವವರ ಸೂಚನೆಯಂತೆ ಆಗುವ ಕೆಲಸ.

ನದಿಗಳು ಒಂದರೊಳಗೊಂದು ಸಿಕ್ಕಿಕೊಂಡದ್ದಕ್ಕೆ ಪುಟಗಳು ಕಾರಣವಲ್ಲ. ಮುಂದಿನ ಎಲ್‌ಐ ಇದ್ದಾಗ ಹಿಂದಿನದನ್ನು ಮುಚ್ಚದಿರುವುದನ್ನು 1999ರ ಎಚ್‌ಟಿಎಂಎಲ್ 4.01 ಕೂಡ ಒಪ್ಪಿತ್ತು. ನೀವು ಬಹುಶಃ ಬ್ಯೂಟಿಫುಲ್‌ಸೂಪ್‌ಗೆ ಪೈಥಾನ್ ಜೊತೆಗೇ ಬರುವ ಪಾರ್ಸರನ್ನು ಕೊಟ್ಟಿದ್ದೀರಿ. ಅದು ಕಂಡ ಟ್ಯಾಗ್‌ಗಳನ್ನು ಒಂದೊಂದಾಗಿ ಹೇಳುತ್ತದೆಯೇ ಹೊರತು ಮೇಲಿನ ನಿಯಮಗಳನ್ನು ಪಾಲಿಸುವುದಿಲ್ಲ. ಎಚ್‌ಟಿಎಂಎಲ್5ಲಿಬ್ ಹಾಕಿಕೊಂಡು ಅದನ್ನೇ ಪಾರ್ಸರ್ ಎಂದು ಸೂಚಿಸಿ. ನಿಧಾನವೇನೋ ಹೌದು, ಆದರೆ ಬ್ರೌಸರ್ ಕಟ್ಟುವಂಥದೇ ಮರ ಸಿಗುತ್ತದೆ. ಹಳದಿ ಪಟ್ಟೆಯ ಖಾಲಿ ಪಿ ಅದರಲ್ಲೂ ಇರುತ್ತದೆ. ಪಠ್ಯವೂ ಚಿತ್ರವೂ ಇಲ್ಲದ ಪಿಗಳನ್ನು ಹುಡುಕಿ ತೆಗೆಯುವ ಎರಡು ಸಾಲು ಸೇರಿಸಿಕೊಳ್ಳಿ.